ಸೋಮಮ್ಮ ಗುಡಿಸದ ಕಂಟೇನರು

ಹಡಗಿನಿಂದ ಇಳಿದು ಬಂದ ಖಾಲಿ ಕಂಟೇನರಿನ ಬಾಗಿಲು ತೆಗೆದಾಗ ಎಂಥ ನಾತ ಮುಖಕ್ಕೆ ಬಡಿಯುತ್ತದೆಂದು ನಿಮಗೆ ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು, ಹಾಗೆಯೇ ಇರಿ. ನಾನು ಆ ನಾತವನ್ನು ವರ್ಷಗಟ್ಟಲೆ ಉಸಿರಾಡಿದ್ದೇನೆ. ಹುಣಸೂರಿನಿಂದ ಪಿರಿಯಾಪಟ್ಟಣದ ಕಡೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ವೇಬ್ರಿಡ್ಜ್ ಇದೆ. ಲಾರಿ ಬಂದು ನಿಂತರೆ ತೂಕ ನೋಡಿ ಚೀಟಿ ಹರಿದುಕೊಡುವುದು ನನ್ನ ಕೆಲಸ. ಹೆಸರು ಯಶೋಧರಾ. ಬಾಯಿ ಜೋರು ಎಂದು ಊರು ಹೇಳುತ್ತದೆ. ಊರು ಹೇಳುವ ಮಾತುಗಳಲ್ಲಿ ಇದೊಂದು ನಿಜ. ರಸ್ತೆಯ ಆಚೆ, ನನ್ನ ಕಿಟಕಿಗೆ ನೇರ ಎದುರಿಗೆ, ವೀರಭದ್ರಸ್ವಾಮಿಯ ಶುಂಠಿ ಗೋಡೌನು. ಅವನು ದೂರದ ಸಂಬಂಧದಲ್ಲಿ ನನಗೆ ಭಾವನಾಗಬೇಕು. ‘ಅವರು’ ಅನ್ನಬೇಕು, ಗೊತ್ತು. ಆದರೆ ಈ ಕಥೆ ಹೇಳುವಾಗ ನನ್ನ ನಾಲಿಗೆ ಹಾಗೆ ಹೊರಳುವುದಿಲ್ಲ.

ಆ ಗೋಡೌನಿನಲ್ಲಿ ಕಂಟೇನರು ಗುಡಿಸುತ್ತಿದ್ದವಳು ಸೋಮಮ್ಮ. ಹಾರನಹಳ್ಳಿಯವಳು. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಒಣಕಲು ಮೈ, ಉದ್ದ ಮೂಗು, ತಲೆಗೆ ಬಿಗಿಯಾಗಿ ಸುತ್ತಿದ ಹಳೆ ಟವೆಲ್ಲು. ಅವಳು ಊರಿನಲ್ಲಿ ಯಾವ ಕೇರಿಯವಳೆಂದು ನಾನು ಹೇಳಬೇಕಾಗಿಲ್ಲ. ಪೊರಕೆಯನ್ನು ಬೇರೆ ಯಾರ ಕೈಗೂ ಕೊಡದೆ ನೇರವಾಗಿ ಅವಳ ಕೈಗೇ ಕೊಟ್ಟವರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಕಂಟೇನರುಗಳು ಮಂಗಳೂರು ಬಂದರಿನಿಂದ ಖಾಲಿ ಬರುತ್ತಿದ್ದವು, ಇಲ್ಲಿ ತುಂಬಿಕೊಂಡು ಮತ್ತೆ ಬಂದರಿಗೆ ಇಳಿಯುತ್ತಿದ್ದವು. ಕೇರಳದ ವ್ಯಾಪಾರಿಗಳು ವೀರಭದ್ರಸ್ವಾಮಿಯ ಗೋಡೌನನ್ನು ಬಾಡಿಗೆಗೆ ಹಿಡಿದು ನಮ್ಮ ಕಡೆಯ ಒಣಶುಂಠಿ ಕಳಿಸುತ್ತಿದ್ದ ಕಾಲ ಅದು. ಖಾಲಿ ಎಂದರೆ ನಿಜವಾಗಿ ಖಾಲಿಯಲ್ಲ. ಹಿಂದಿನ ಸರಕಿನ ಶ್ರಾದ್ಧವೆಲ್ಲ ಒಳಗೇ ಇರುತ್ತಿತ್ತು. ಗೋಡಂಬಿ ಸಿಪ್ಪೆಯ ಕಪ್ಪು ಪುಡಿ, ಮೀನಿನ ಹಿಟ್ಟಿನ ಜಿಡ್ಡು, ಗೋಣಿಯ ನಾರು, ಚಪ್ಪಟೆಯಾಗಿ ಒಣಗಿದ ಹೆಗ್ಗಣ. ಮೂಲೆಯಲ್ಲಿ ಯಾರೋ ಉಗಿದ ಗುಟ್ಕಾ. ಯಾರೋ ಉಚ್ಚೆ ಹೊಯ್ದು ಮುಚ್ಚಳ ಹಾಕಿಟ್ಟ ನೀರಿನ ಬಾಟಲಿ. ದೇಶದೇಶದ ಗಲೀಜೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿ ಘಾಟಿ ಹತ್ತಿ ಹುಣಸೂರಿಗೆ ಬರುತ್ತಿತ್ತು, ಸೋಮಮ್ಮ ಅದನ್ನು ಬಾಚುತ್ತಿದ್ದಳು. ಅಂಥದ್ದನ್ನು ಬಿಟ್ಟುಹೋದವರಿಗೆ ಹೇಸಿಗೆಯಾಗಲಿಲ್ಲ, ಅದನ್ನು ತೆಗೆಯುವವಳನ್ನು ಕಂಡರೆ ಮಾತ್ರ ಎಲ್ಲರಿಗೂ ಹೇಸಿಗೆ. ಇದೇನು ನ್ಯಾಯವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಒಂದು ದಿನ ನಾನೇ ಕೇಳಿದೆ, "ನಿಂಗೆ ಹೇಸಿಗೆ ಅನ್ನೋದೇ ಇಲ್ವೇನೆ?"

"ಅಯ್, ನನಗಿರೋವಷ್ಟು ಏಸ್ಗೆ ಈ ಸುತ್ತಮುತ್ತ ಯಾರಿಗೂ ಇಲ್ಲ ಕಣಕ್ಕ" ಎಂದಳು. "ಏಸ್ಗೆ ಇರ್ಬೇಕು. ಏಸ್ಗೆ ಇಲ್ದೋಳು ಗುಡ್ಸಿದ್ರೆ ಕಸ ಮೂಲೇಲೇ ಕುಂತಿರ್ತದೆ. ನಂಗೆ ವಾಕರಿಕೆ ನಿಲ್ಲೋಗಂಟ ಉಜ್ತೀನಿ. ವಾಕರಿಕೆ ನಿಂತ್ಮೇಲೆ ಪೆಟ್ಗೆ ಸುದ್ದ ಅಂತ ಲೆಕ್ಕ."

ಅವಳ ಕೆಲಸಕ್ಕೆ ಒಂದು ಕ್ರಮವಿತ್ತು. ಮೊದಲು ಬೆಳಕು ನೋಡುವುದು. ಅವಳು ಒಳಗೆ ಹೋಗಿ ನಿಲ್ಲಬೇಕು, ಹೊರಗಿನಿಂದ ಬಾಗಿಲು ಜಡಿಯಬೇಕು. ಆ ಕಗ್ಗತ್ತಲೆಯಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ, ಸಮುದ್ರದ ನೀರು ಒಳಗೆ ಬರುತ್ತದೆ ಎಂದರ್ಥ. ಆಮೇಲೆ ಗುಡಿಸಿ, ತೊಳೆದು, ಬಾಗಿಲು ತೆರೆದಿಟ್ಟು ಹಲಗೆ ಒಣಗಿಸುವುದು. ಶುಂಠಿಗೆ ಪಸೆ ಸೋಕಬಾರದು. ಎಲ್ಲ ಮುಗಿದ ಮೇಲೆ ನನ್ನಲ್ಲಿಗೆ ಬಂದು, ಹಿಂದಿನ ನಲ್ಲಿಯಲ್ಲಿ ಮೊಣಕೈವರೆಗೂ ಕೈ ತಿಕ್ಕಿ ತೊಳೆದು, ಆಮೇಲೆ ಊಟ. ಅವಳ ಬುತ್ತಿ ಯಾವತ್ತೂ ಗೋಡೌನಿನ ಕಡೆ ಹೋದದ್ದಿಲ್ಲ. ನನ್ನ ಕೋಣೆಯ ಬಾಗಿಲ ಹಿಂದೆ ಒಂದು ಮೊಳೆಯಿದೆ, ಬೆಳಿಗ್ಗೆ ಬಂದವಳೇ ಅದಕ್ಕೆ ತೂಗುಹಾಕುತ್ತಿದ್ದಳು. ಮುದ್ದೆ, ಹುರುಳಿ ಸಾರು, ಒಂದು ಸ್ಟೀಲ್ ಡಬ್ಬಿ. "ಆ ನಾತ ನನ್ ಅನ್ನಕ್ಕೆ ಬಡೀಬಾರ್ದು ಕಣಕ್ಕ" ಎನ್ನುತ್ತಿದ್ದಳು. ಈ ಮೊಳೆಯ ವಿಷಯವನ್ನು ನೆನಪಿಟ್ಟುಕೊಳ್ಳಿ.

ಕೇರಳದವರು ಕಳಿಸಿದ್ದನ್ನು ನೋಡಿ ನೋಡಿ ವೀರಭದ್ರಸ್ವಾಮಿಗೂ ಆಸೆ ಹತ್ತಿತು. ಗೋಡೌನು ತನ್ನದು, ಶುಂಠಿ ತನ್ನ ಸೀಮೆಯದು, ನಡುವೆ ಇವರ್‍ಯಾರು ಎಂದುಕೊಂಡ. ಕೊಲ್ಲಿ ದೇಶದ ಒಬ್ಬ ಖರೀದಿದಾರನನ್ನು ಹಿಡಿದ. ಹಂಪಾಪುರ, ಹಾರನಹಳ್ಳಿ ಎಂದು ತಿರುಗಿ ಒಳ್ಳೆಯ ಶುಂಠಿಯನ್ನೇ ಕೊಂಡು ಒಣಗಿಸಿದ. ಅದರಲ್ಲಿ ಮೋಸವಿರಲಿಲ್ಲ, ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಉಗಾದಿ ಕಳೆದು ಬಿಸಿಲು ನೆತ್ತಿ ಸುಡುತ್ತಿದ್ದ ಕಾಲದಲ್ಲಿ ಅವನ ಸ್ವಂತ ಹೆಸರಿನ ಮೊದಲ ಕಂಟೇನರು ಬಂತು. ತಂದವನು ಹುಣಸೂರಿನ ಟ್ರೇಲರ್ ಡ್ರೈವರ್ ನಸೀರ್, ಮೊದಲಿನಿಂದಲೂ ಈ ದಾರಿಯಲ್ಲೇ ಗಾಡಿ ಓಡಿಸುವವನು.

ಸೋಮಮ್ಮ ಆ ಪೆಟ್ಟಿಗೆಯನ್ನು ತೊಳೆದದ್ದನ್ನು ನಾನು ಕಂಡಿದ್ದೇನೆ. ಹಲಗೆಯ ಸಂದಿಸಂದಿಯನ್ನು ಕಡ್ಡಿ ಹಾಕಿ ಕೆರೆದಿದ್ದಳು. ಮಾರನೆಯ ಬೆಳಿಗ್ಗೆ ಪೆಟ್ಟಿಗೆಯ ಪೂಜೆಗೆಂದು ಬಂದ ವೀರಭದ್ರಸ್ವಾಮಿಯ ಮನೆಯವರು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಅವಳು ಒಳಗೆಲ್ಲ ಓಡಾಡಿದ್ದಾಳೆಂದು, ಶುದ್ಧಿಗೆ, ಆ ಒಣಗಿದ ಹಲಗೆಯ ಮೇಲೆ ಚೊಂಬುಗಟ್ಟಲೆ ಗಂಜಲ ಎರಚಿದರು. ಸೋಮಮ್ಮ ಹುಣಸೆಮರದ ಕೆಳಗೆ ನಿಂತು ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ. ಹಸು ಉಚ್ಚೆ ಹೊಯ್ದರೆ ಶುದ್ಧ, ಮನುಷ್ಯಳು ಬೆವರು ಸುರಿಸಿದರೆ ಮೈಲಿಗೆ! ಥೂ ಎಂದು ಉಗಿಯಬೇಕೆನ್ನಿಸಿತು, ಕೈಯಲ್ಲಿ ಯಾವುದೋ ಲಾರಿಯ ಚೀಟಿ ಇತ್ತು, ನುಂಗಿಕೊಂಡೆ.

ಮೂಟೆಗಳನ್ನು ಹಮಾಲಿಗಳು ಬಾಗಿಲಿನ ತನಕ ಜೋಡಿಸಿದರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ವೀರಭದ್ರಸ್ವಾಮಿಗೆ ಹೆಣ್ಣುಮಕ್ಕಳಿಲ್ಲ. "ಮೊದಲನೇ ಕಂಟೇನರು ನನ್ನ ಮಗಳಿದ್ದಂಗೆ, ಗಂಡನ ಮನೆಗೆ ಬರಿಗೈಲಿ ಕಳಿಸೋಕಾಗುತ್ತಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅವನ ಹೆಂಡತಿ ಶಾಂಭವಿ ಕೆಂಪಂಚಿನ ಹಸಿರು ರವಿಕೆ ಕಣದಲ್ಲಿ ಅಕ್ಕಿ, ಬೆಲ್ಲದಚ್ಚು, ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಎಲೆಅಡಿಕೆ ಕಟ್ಟಿಕೊಂಡು ಬಂದಳು. ಅಂದರೆ ಕಂಟೇನರಿಗೆ ಮಡಿಲು ತುಂಬಿದರು. ಗಂಟನ್ನು ಮೂಟೆಗಳ ಮೇಲೆ ಇಟ್ಟು ಅರಿಶಿನ ಕುಂಕುಮ ಚೆಲ್ಲಿದರು. ದೃಷ್ಟಿಗೆಂದು ದೊಡ್ಡದೊಂದು ಬೂದುಗುಂಬಳಕಾಯನ್ನು ಬಾಗಿಲ ಒಳಗಡೆ ಕೊಂಡಿಗೆ ಕಟ್ಟಿದರು. ಕೋಟೆ ತಾಲ್ಲೂಕಿನ ಕಡೆಯಿಂದ ತರಿಸಿದ ಚೆಂಡುಹೂವಿನ ಹಾರ, ಮೊಳಗಟ್ಟಲೆ. ಮಾವಿನ ಸೊಪ್ಪು. ಮದುವೆ ಚಪ್ಪರ ಇದಕ್ಕಿಂತ ಬೋಳಾಗಿರುತ್ತದೆ.

ನಸೀರನೇ ಮೊದಲು ಬಾಯಿಬಿಟ್ಟ. "ಸಾವ್ಕಾರ್ರೇ, ಹಣ್ಣುಕಾಯಿ ಒಳಗಡೆ ಬೇಡಿ. ಪರದೇಶದ ಬಂದರು ಇದು, ಒಂದು ಹುಳ ಕಂಡ್ರೂ ಒಪ್ಪಾಕಿಲ್ಲ ಅವ್ರು."

"ನಮ್ಮ ಶಾಸ್ತ್ರ ನಿಂಗೇನಯ್ಯ ಗೊತ್ತು? ನೀನು ಗಾಡಿ ಓಡಿಸು" ಎಂದ ವೀರಭದ್ರಸ್ವಾಮಿ.

ಸೋಮಮ್ಮ ಪೊರಕೆ ಹಿಡಿದು ಹತ್ತಿರ ಬಂದಳು. "ಬುದ್ದಿ, ಬಾಗ್ಲು ಆಕೋಕ್ ಮುಂಚೆ ಆ ಅಕ್ಕಿಕಾಳು, ಊವು ಒಸಿ ಗುಡ್ಸಿ ತಗುದ್ಬುಡ್ತೀನಿ. ಪೆಟ್ಗೆ ಬಿಸ್ಲಿಗೆ ವಲೆ ಆದಂಗಾಯ್ತದೆ, ಎಲ್ಲಾ ಕೊಳ್ತೋಯ್ತದೆ."

ಅವನು ಹಾವು ತುಳಿದವನಂತೆ ಹಿಂದಕ್ಕೆ ಸರಿದ. "ಏ! ಮಗಳು ಹೊರಟು ನಿಂತಿದಾಳೆ, ಹೋಗೋರ ಹಿಂದೆ ಯಾರಾದ್ರೂ ಕಸ ಗುಡಿಸ್ತಾರೇನೆ? ಬುದ್ಧಿ ಇಲ್ವಾ ನಿಂಗೆ? ಪೂಜೆ ಆಗಿರೋ ಜಾಗ, ಹತ್ತಬೇಡ ನೀನು. ಹೋಗು ಆಚೆ."

ನಮ್ಮ ಕಡೆ ಯಾರಾದರೂ ಪ್ರಯಾಣ ಹೊರಟರೆ, ಅವರು ಹೋಗಿ ಮುಟ್ಟುವ ತನಕ ಮನೆ ಗುಡಿಸುವುದಿಲ್ಲ. ಗುಡಿಸಿದರೆ ಹೋದವರಿಗೆ ಕೇಡು ಎಂದು ನಂಬಿಕೆ. ನಮ್ಮಜ್ಜಿಯೂ ಗುಡಿಸುತ್ತಿರಲಿಲ್ಲ. ಆದರೆ ನಮ್ಮಜ್ಜಿ ಹೋಗುವವರ ಚೀಲದೊಳಗೆ ಕುಂಬಳಕಾಯಿ ಕಟ್ಟಿ ಬೀಗ ಹಾಕಿ ಸಮುದ್ರಕ್ಕೆ ಬಿಟ್ಟವಳಲ್ಲ. ಸೋಮಮ್ಮ ಹುಣಸೆಮರದ ಕೆಳಕ್ಕೆ ಹೋದಳು. ನಸೀರ್ ಬಾಗಿಲು ಮುಚ್ಚಿ ಸೀಲು ಜಡಿದ. ಎಲ್ಲರಿಗೂ ಕೋಸಂಬರಿ, ಸಿಹಿಪೊಂಗಲು ಹಂಚಿದರು. ಆ ರಸ್ತೆಯ ಅಂಗಡಿಯವರು, ಹಮಾಲಿಗಳು, ಸುತ್ತಲಿನ ಗೋಡೌನಿನವರು, ಎಲ್ಲರೂ ನಿಂತು ಮಡಿಲು ತುಂಬಿದ್ದನ್ನು ನೋಡಿ, ದೊನ್ನೆ ನೆಕ್ಕಿ ಹೋದರು. ನಾನೂ ತಿಂದೆ. ರುಚಿಯಾಗಿತ್ತು. ಆದರೆ ಅದನ್ನು ತಿಂದವರೆಲ್ಲ ಮುಂದೆ ಸುಳ್ಳಾಡುವಷ್ಟು ರುಚಿಯಾಗಿರಲಿಲ್ಲ.

ಮಗಳು ಗಂಡನ ಮನೆ ಮುಟ್ಟಿದ ಸುದ್ದಿ ವಾಟ್ಸಪ್ಪಿನಲ್ಲಿ ಬಂತು. ಆ ಬಂದರಿನವರು ಬಾಗಿಲು ತೆರೆದು ಫೋಟೋ ತೆಗೆದು ಕಳಿಸಿದ್ದರು. ಕುಂಬಳಕಾಯಿ ಒಳಗೇ ಬೆಂದು ಒಡೆದು ಮೂಟೆಗಳ ಮೇಲೆ ಸುರಿದಿತ್ತು. ಹೂವು ಕಪ್ಪು ಗೊಜ್ಜಾಗಿತ್ತು. ಶುಂಠಿ ಚೀಲಗಳ ಮೇಲೆ ಬೂಷ್ಟು, ಅದರ ಮೇಲೆ ಹುಳ. ಮಾಲು ಬೇಡ, ಪೆಟ್ಟಿಗೆಯ ಬಾಗಿಲನ್ನು ಮತ್ತೆ ತೆರೆಯುವುದೂ ಇಲ್ಲ, ವಾಪಸು ಕಳಿಸುತ್ತೇವೆ ಎಂದು ಬರೆದಿದ್ದರು. ಇದೇನು ಎಂದು ಕೇಳಿದ್ದರು.

ಇದೇನು ಎಂದು ಕೇಳಿದರೆ ಏನೆಂದು ಹೇಳುವುದು? ತಗಡಿನ ಪೆಟ್ಟಿಗೆಗೆ ಮಡಿಲು ತುಂಬಿದೆವು ಎಂದು ಬರೆಯಲು ವೀರಭದ್ರಸ್ವಾಮಿಗೆ ನಾಚಿಕೆ. ಫೋಟೋದಲ್ಲಿ ಬಟ್ಟೆಯ ಗಂಟೊಂದು ಕಾಣುತ್ತಿತ್ತು. ಅವನಿಗೆ ಅಷ್ಟೇ ಸಾಕಾಯಿತು. ಕಸ ಗುಡಿಸುವ ಹೆಂಗಸು ತನ್ನ ಊಟದ ಬುತ್ತಿಯನ್ನು ಒಳಗೆ ಮರೆತು ಬಂದಿದ್ದಾಳೆ, ಅದರಿಂದ ಹೀಗಾಯಿತು, ಅವಳನ್ನು ಕೆಲಸದಿಂದ ತೆಗೆದಿದ್ದೇವೆ ಎಂದು ಬರೆಸಿದ. ಪರದೇಶದವರಿಗೆ ಹೇಳಿದ ಸುಳ್ಳನ್ನು ಇಲ್ಲಿಯೂ ನಿಜ ಮಾಡಬೇಕಲ್ಲ. ಮಾರನೆಯ ದಿನ ಸೋಮಮ್ಮ ಬಸ್ಸಿಳಿದಾಗ ಗೇಟಿನಲ್ಲೇ ತಡೆದು ಎಲ್ಲರೆದುರಿಗೆ, "ನಿನ್ನ ಕೊಳಕು ಬುತ್ತಿಯಿಂದ ನನ್ನ ಮನೆ ಹಾಳಾಯ್ತು" ಎಂದು ಕೂಗಾಡಿ ಅಟ್ಟಿದ.

ನನ್ನ ಪಿತ್ತ ನೆತ್ತಿಗೇರಿತು. ರಸ್ತೆ ದಾಟಿ ಹೋಗಿ ಕೇಳಿದೆ. "ಭಾವ, ಅವಳ ಬುತ್ತಿ ನನ್ನ ಮೊಳೆಗೆ ತೂಗ್ತಿರುತ್ತೆ. ಆವತ್ತೂ ತೂಗ್ತಿತ್ತು. ಆ ಗಂಟು ಶಾಂಭವಿ ಅಕ್ಕ ಕಟ್ಟಿದ್ದು ಅಂತ ನಿಮಗೆ ಗೊತ್ತಿಲ್ವಾ?"

"ನಮ್ಮೋಳಾಗಿ ನೀನು ಹಿಂಗೆ ಮಾತಾಡ್ತೀಯಲ್ಲ ಯಶೋಧರಾ" ಎಂದ. ದನಿ ತಗ್ಗಿಸಿದ. "ದೇವರ ಪ್ರಸಾದದಿಂದ ಮಾಲು ಕೊಳೀತು ಅಂತ ಹೇಳೋಕಾಗುತ್ತೇನಮ್ಮ? ಪೂಜೆ ಮಾಡಿದ್ದು ಕೊಳೆಯುತ್ತಾ? ಕುಂಬಳಕಾಯಿಂದ ಏನೂ ಆಗಿಲ್ಲ."

ಕುಂಬಳಕಾಯಿಯ ಮಾತನ್ನು ನಾನು ಎತ್ತೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಯಾರೂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡ. ಅವನ ತರ್ಕ ಮಾತ್ರ ನೋಡಿ: ಪೂಜೆ ಕೊಳೆಯುವಂತಿಲ್ಲ, ಕೊಳೆತದ್ದಂತೂ ಹೌದು, ಆದ್ದರಿಂದ ಸೋಮಮ್ಮ ಕೊಳಕಿ. ಅವನಿಗಿಂತ ಹೆಚ್ಚು ಹೇಸಿಗೆಯಾದದ್ದು ಉಳಿದವರನ್ನು ನೋಡಿ. ಆ ದಿನ ಸಿಹಿಪೊಂಗಲು ತಿಂದ ಒಬ್ಬೊಬ್ಬರನ್ನೂ ಹಿಡಿದು ಕೇಳಿದೆ, ನೀವು ಕಣ್ಣಾರೆ ಕಂಡಿರಲ್ಲ ಎಂದು. ಹಮಾಲಿಗಳ ಮೇಸ್ತ್ರಿ ಲಿಂಗರಾಜು ತಲೆ ಕೆರೆದುಕೊಂಡು, "ನಾವು ಮೂಟೆ ಓರೋ ಗ್ಯಾನ್ದಲ್ಲಿದ್ವಿ ಕಣಕ್ಕ" ಎಂದ. ಅಂಗಡಿಯವನು ನೆನಪಿಲ್ಲ ಎಂದ. ಇನ್ನೊಬ್ಬ, "ಅವ್ಳೂ ಒಂದ್ ಗಂಟು ಮಡಗಿರ್ಬೋದು ಬುಡಿ, ಅಂತಾವ್ರೇ ಅಲ್ವಾ" ಎಂದ. ಅಂತಾವ್ರೇ ಅಂತೆ! ಜನ ಕಣ್ಣಿನಿಂದ ಕಂಡದ್ದಕ್ಕಿಂತ ಮನಸ್ಸಿನಲ್ಲಿ ಮೊದಲೇ ಇಟ್ಟುಕೊಂಡದ್ದನ್ನು ಎಷ್ಟು ಸಲೀಸಾಗಿ ನಂಬುತ್ತಾರೆ.

ಮಾತಿಗೆ ಬಸ್ಸು ಬೇಕಾಗಿಲ್ಲ. ಸೋಮಮ್ಮ ಬೇರೆ ಗೋಡೌನಿಗೆ ಹೋದರೆ ಅಲ್ಲಿ ಬೇಡವೆಂದರು. ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಗುಡಿಸುವ ಕೆಲಸವಿದೆ ಎಂದು ಅಷ್ಟು ದೂರ ಹೋದಳು. ಅವಳಿಗಿಂತ ಮೊದಲು ಅವಳ ಬುತ್ತಿಯ ಕಥೆ ಅಲ್ಲಿಗೆ ಹೋಗಿ ಕೂತಿತ್ತು. ಕೊನೆಗೆ ಹಾರನಹಳ್ಳಿಯಲ್ಲೇ ಹೆಂಗಸರು ಅವಳನ್ನು ಬುತ್ತಿ ಸೋಮಿ ಎಂದು ಕರೆಯತೊಡಗಿದರು.

ನಾನು ಒಂದು ಭಾನುವಾರ ಅವಳ ಮನೆಗೆ ಹೋದೆ. ಮನೆ ಮುಂದಿನ ನೆಲ ಗುಡಿಸಿ ಗುಡಿಸಿ ಕಲ್ಲು ಮೇಲೆದ್ದಿತ್ತು. ಅವಳ ಗಂಡ ಮಂಚಯ್ಯ ಜಗಲಿಯ ಮೇಲೆ ಕೂತಿದ್ದ. ಮೆತ್ತಗಿನ ಮನುಷ್ಯ, ಆಡು ಮೇಯಿಸುತ್ತಾನೆ.

"ಒಂದೇ ಸಮ ಗುಡುಸ್ತಾಳೆ ಕಣವ್ವ" ಎಂದ. "ಮಣ್ಣೆಲ್ಲ ಸವುದೋಯ್ತು. ಇನ್ನೇನೂ ಇಲ್ಲ ಗುಡ್ಸಕ್ಕೆ, ಆದ್ರೂ ಬುಡಾಕಿಲ್ಲ."

ಸೋಮಮ್ಮ ಪೊರಕೆ ಗೋಡೆಗೊರಗಿಸಿ ನನ್ನ ಎದುರು ಕುಳಿತಳು. ಅವಳು ಅಳಲಿಲ್ಲ. "ಕೆಲ್ಸ ಓದ್ರೆ ಓಗ್ಲಿ ಕಣಕ್ಕ. ಕಳ್ಳಿ ಅಂದಿದ್ರೂ ತಡ್ಕತಿದ್ದೆ. ನಾನು ಒಲಸು ಬುಟ್ಟು ಬಂದೆ ಅಂದ್ಬುಟ್ರಲ್ಲ! ಈ ಕೈ ನೋಡಕ್ಕ. ಊರೋರ ಒಲಸೆಲ್ಲ ಬಳಿದಿರೋ ಕೈ, ಒಂದಿನ ಎಲ್ಲಾರಾ ಒಂದ್ ಕಡ್ಡಿ ಬುಟ್ಟಿದ್ರೆ ಏಳು. ನಂಗೆ ಆ ಮಾತೊಂದು ಅವ್ರ ಬಾಯಲ್ಲೇ ವಾಪಸ್ ಬರ್ಬೇಕು. ಇನ್ನೇನೂ ಬ್ಯಾಡ."

 

ನಮ್ಮಲ್ಲಿ ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬರುತ್ತಾಳೆ. ವೀರಭದ್ರಸ್ವಾಮಿಯ ಮಗಳೂ ಶಾಸ್ತ್ರ ತಪ್ಪಿಸಲಿಲ್ಲ. ಆಷಾಢದ ಜಡಿಮಳೆಯಲ್ಲಿ ಮಂಗಳೂರಿನಿಂದ ಸಂಪಾಜೆ ಘಾಟಿ ಹತ್ತಿ, ನಸೀರನ ಟ್ರೇಲರಿನ ಮೇಲೆ ಕೂತು, ಹಿಂದೆ ನೊಣಗಳ ದಿಬ್ಬಣ ಕಟ್ಟಿಕೊಂಡು ಬಂತು. ಪೆಟ್ಟಿಗೆಯ ಬಾಗಿಲ ಸಂದಿಯಿಂದ ಕಂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು. ಗಾಡಿಯನ್ನು ನನ್ನ ವೇಬ್ರಿಡ್ಜಿನ ಮೇಲೆ ನಿಲ್ಲಿಸಬೇಡಪ್ಪ ಎಂದು ನಾನೇ ಕೈಮುಗಿದೆ.

"ತೋಬಾ ತೋಬಾ! ಅಕ್ಕ, ಕುಶಾಲನಗರದಲ್ಲಿ ಒಂದು ಲೋಟ ಚಾ ಕುಡಿಯಾಕ್ ಬಿಡಲಿಲ್ಲ ಜನ" ಎಂದ ನಸೀರ್. "ಹೆಣ ತಂದಿದೀಯಾ ಅಂತ ಪೊಲೀಸ್ನೋರು ನಿಲ್ಸಿ ಕೇಳಿದ್ರು. ಮದುವೆ ಹೆಣ್ಣು ಸಾರ್ ಅಂದೆ."

ಪೆಟ್ಟಿಗೆ ಹಡಗು ಕಂಪನಿಯದು. ಒಳಗಿನದೆಲ್ಲ ತೆಗೆದು, ತೊಳೆದು, ವಾಪಸು ಕೊಡಲೇಬೇಕು. ಹಮಾಲಿಗಳು ಹತ್ತಿರ ಹೋಗಲಿಲ್ಲ. ಲಿಂಗರಾಜು ಮೂಗಿಗೆ ಟವೆಲ್ಲು ಬಿಗಿದು, "ನಾವು ಮೂಟೆ ಓರೋರು ಬುದ್ದಿ, ಬಳಿಯೋರಲ್ಲ" ಎಂದುಬಿಟ್ಟ. ಮೈಸೂರಿನಿಂದ ಕರೆಸಿದ ಕ್ಲೀನಿಂಗ್‌ನವರು ಗೇಟಿನ ತನಕ ಬಂದು, ಒಂದು ಸಲ ಉಸಿರೆಳೆದುಕೊಂಡು, ಹಾಗೆಯೇ ತಿರುಗಿದರು. ಆಗ ನೆನಪಾದಳು ಸೋಮಮ್ಮ. ಆದದ್ದು ಆಗಿಹೋಯಿತು, ಕೆಲಸಕ್ಕೆ ವಾಪಸು ಬರಲಿ, ಏನೂ ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂದು ವೀರಭದ್ರಸ್ವಾಮಿ ಲಿಂಗರಾಜುವನ್ನು ಹಾರನಹಳ್ಳಿಗೆ ಓಡಿಸಿದ. ಇವನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲವಂತೆ! ಆ ಮಾತು ಕೇಳಿ ನನಗೆ ಆ ಕಂಟೇನರೇ ಇದ್ದುದರಲ್ಲಿ ವಾಸಿ ಎನ್ನಿಸಿತು.

ಸೋಮಮ್ಮ ಬಂದಳು. ಮಳೆ ಬಿಟ್ಟಿತ್ತು. ತಲೆ ಬಾಚಿ, ಒಗೆದ ಸೀರೆ ಉಟ್ಟು, ಬರಿಗೈಯಲ್ಲಿ ಬಂದಿದ್ದಳು. ಅವಳು ಬರುತ್ತಾಳೆಂದು ಗೊತ್ತಾಗಿ ರಸ್ತೆಯ ಜನವೆಲ್ಲ ಗೇಟಿನ ಬಳಿ ಸೇರಿತ್ತು. ಮೂಗು ಮುಚ್ಚಿಕೊಂಡಾದರೂ ತಮಾಷೆ ನೋಡಬೇಕಲ್ಲ.

"ಪೊರಕೆ ಎಲ್ಲೇ?" ಎಂದ ವೀರಭದ್ರಸ್ವಾಮಿ.

"ಪೊರ್ಕೆ ಯಾಕೆ ಬುದ್ದಿ? ನನ್ ಬುತ್ತಿ ಬಂದದಂತಲ್ಲ, ನೋಡ್ಕಂಡು ಓಗವ ಅಂತ ಬಂದೆ."

ನಸೀರ್ ಸೀಲು ಮುರಿದು ಬಾಗಿಲು ಎಳೆದ. ಏನು ಹೇಳಲಿ? ಮುಂದೆ ನಿಂತವರು ಹಿಂದೆ ನಿಂತವರ ಮೇಲೆ ಬಿದ್ದರು. ಹುಳಿತ ಅಕ್ಕಿ, ಹುಳಿತ ಬಾಳೆಹಣ್ಣು, ಬೆಂದ ಕುಂಬಳ, ಕೊಳೆತ ಚೆಂಡುಹೂವು, ಬೂಷ್ಟು ಹಿಡಿದ ಶುಂಠಿ, ತಗಡಿನ ಶಾಖದಲ್ಲಿ ಹೋಗಿ ಬಂದು ಒಂದಾಗಿ ಸುರಿದವು. ಬಿಳಿ ಹುಳಗಳು ಹೊಸಲಿನ ಮೇಲಿಂದ ಪಟಪಟನೆ ಉದುರಿದವು. ಕೊಂಡಿಯಲ್ಲಿ ಕುಂಬಳಕಾಯಿಯ ತೊಟ್ಟು ಮಾತ್ರ ಇನ್ನೂ ನೇತಾಡುತ್ತಿತ್ತು. ಸೋಮಮ್ಮ ಮೂಗು ಮುಚ್ಚಲಿಲ್ಲ, ಒಂದು ಹೆಜ್ಜೆಯೂ ಸರಿಯಲಿಲ್ಲ.

"ಹತ್ತು, ಹತ್ತು. ಬೇಗ ಮುಗಿಸು" ಎಂದ ವೀರಭದ್ರಸ್ವಾಮಿ, ಶಲ್ಯದ ಹಿಂದಿನಿಂದ.

"ನಾನೆಂಗೆ ಅತ್ಲಿ ಬುದ್ದಿ? ಪೂಜೆ ಆಗಿರೋ ಜಾಗ, ನೀನು ಅತ್ಬ್ಯಾಡ ಅಂತ ನೀವೇ ಅಂದಿದ್ರಿ."

"ಅದು ಆವತ್ತಿನ ಮಾತು ಕಣೆ! ಈಗೇನಿದೆ ಇದ್ರಲ್ಲಿ ಪೂಜೆ? ಬರೀ ಹೊಲಸು."

"ಒಲಸಾ?" ಸೋಮಮ್ಮ ಜನರ ಕಡೆ ತಿರುಗಿದಳು, ಮತ್ತೆ ಅವನ ಕಡೆ.

"ಅಂಗಾದ್ರೆ ಒಂದ್ ಮಾತ ಏಳ್ಬುಡಿ ಬುದ್ದಿ. ಒಳೀಕಿರೋದು ಪರಸಾದನೋ, ಒಲಸೋ? ಪರಸಾದ ಆದ್ರೆ ನನ್ನಂತೋಳು ಮುಟ್ಟಂಗಿಲ್ಲ. ಒಲಸಾದ್ರೆ, ಮಡಗ್ದೋರು ಯಾರು ಅಂತ ಏಳಿ, ಅವ್ರೇ ತಗೀಲಿ."

ವೀರಭದ್ರಸ್ವಾಮಿ ಬಾಯಿ ತೆರೆದ. ನೊಣ ಹೋಗುತ್ತದೆಂದು ಮುಚ್ಚಿದ. ಲಿಂಗರಾಜುವಿನ ಕಡೆ ನೋಡಿದ, ಲಿಂಗರಾಜು ನೆಲ ನೋಡಿದ. ನನ್ನ ಕಡೆ ನೋಡಿದ, ನಾನು ಕಣ್ಣು ತೆಗೆಯದೆ ಅವನನ್ನೇ ನೋಡಿದೆ. ಗೋಡೌನಿನ ಬಾಗಿಲಲ್ಲಿ ನಿಂತಿದ್ದ ಶಾಂಭವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು. ನಸೀರ್ ಕೊಕ್ಕೆಯಿರುವ ಒಂದು ಬಿದಿರಿನ ಗಳು ತಂದು ವೀರಭದ್ರಸ್ವಾಮಿಯ ಕೈಗಿಟ್ಟ.

ಪಂಚೆ ಎತ್ತಿ ಕಟ್ಟಿ ಅವನು ಹತ್ತಿದ. ಕಾಲಿಟ್ಟ ಕಡೆ ಪಚಕ್ಕೆಂದಿತು. ಗಳುವಿನಿಂದ ಮೂಟೆಗಳ ಮೇಲಿನ ಗಂಟನ್ನು ಎಳೆದಾಗ ಅದು ಜಾರಿ ಅವನ ಎದೆಯ ಮೇಲೆಯೇ ಬಂದು ಬಿತ್ತು. ಹಾಗೂ ಹೀಗೂ ಕೊಕ್ಕೆಗೆ ಸಿಕ್ಕಿಸಿ ಬೆಳಕಿಗೆ ತಂದ. ಕೆಂಪಂಚು, ಹಸಿರು ರವಿಕೆ ಕಣ. ಒಳಗಿನಿಂದ ಅಕ್ಕಿ ಹುಳವಾಗಿ ಹರಿಯುತ್ತಿತ್ತು, ತೆಂಗಿನಕಾಯಿ ಬಿರಿದು ಕಪ್ಪು ನೀರು ಸುರಿಯುತ್ತಿತ್ತು. ಸುತ್ತ ನಿಂತವರಲ್ಲಿ ಆ ಬಣ್ಣ ಗುರುತು ಸಿಗದವರು ಯಾರೂ ಇರಲಿಲ್ಲ. ಎಲ್ಲರಿಗೂ ಒಟ್ಟಿಗೇ ನೆನಪು ಮರಳಿತು.

"ಯಾರ್ದು ಬುದ್ದಿ ಆ ಬುತ್ತಿ?" ಎಂದಳು ಸೋಮಮ್ಮ.

ಅವನು ಏನೋ ಗೊಣಗಿದ.

"ಈ ಪಾಟಿ ಜನ ನಿಂತವ್ರೆ. ಕೇಳುಸ್ನಿಲ್ಲ."

"ನಮ್ಮನೇದು" ಎಂದ. ಅವನ ಗಂಟಲು ಏರಿತು. "ನಮ್ಮನೇದು ಕಣೆ. ನಾವೇ ಇಟ್ಟಿದ್ದು. ನಿಂದಲ್ಲ. ಆಯ್ತಾ?" ಅಷ್ಟು ಹೇಳಿ ಮುಗಿಸುವುದರೊಳಗೆ ವಾಕರಿಕೆ ಬಂದು, ಕಂಟೇನರಿನ ಹೊಸಲಿನ ಮೇಲೆ ಬಗ್ಗಿ, ಬೆಳಗಿನ ಇಡ್ಲಿಯನ್ನೆಲ್ಲ ಅದೇ ರಾಶಿಗೆ ಸೇರಿಸಿದ.

ಬಾಯಿ ಒರೆಸಿಕೊಂಡು ಕೆಳಗಿಳಿದ. ಮೈಮೇಲೆ ಹುಳ ಹರಿಯುತ್ತಿದ್ದವು. ಈಗ ಅವನ ದನಿಯಲ್ಲಿ ಬೇರೆಯೇ ರಾಗ ಬಂದಿತ್ತು. "ಹೇಳಿದ್ನಲ್ಲ. ಇನ್ನಾದ್ರೂ ಗುಡಿಸಮ್ಮ ತಾಯಿ."

ಅವನು ಅವಳನ್ನು ತಾಯಿ ಎಂದದ್ದು ಅದೇ ಮೊದಲು. ಸೋಮಮ್ಮ ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ನಗುವಿರಲಿಲ್ಲ, ಕೋಪವೂ ಇರಲಿಲ್ಲ. ಮೂಲೆಯ ಕಸ ಪೂರ್ತಿ ತೆಗೆದ ಮೇಲೆ ಅವಳ ಮುಖ ಹೇಗಿರುತ್ತಿತ್ತೋ ಹಾಗಿತ್ತು.

"ನಾನು ಬಂದ್ ಕೆಲ್ಸ ಆಯ್ತು ಬುದ್ದಿ, ಓಯ್ತಾ ಇವ್ನಿ" ಎಂದಳು. "ಓಗೋರ ಇಂದೆ ಕಸ ಗುಡುಸ್ಬಾರ್ದು ಅಂತ ನೀವೇ ಏಳ್ಕೊಟ್ರಿ. ನಾನು ಅರ್ನಳ್ಳಿ ಸೇರೋಗಂಟ ಅದುನ್ನ ಅಂಗೇ ಬುಟ್ಟಿರಿ. ನಂಗೇನಾರ ಕೇಡಾದ್ರೆ ಅದೂ ನಿಮ್ ತಲೆ ಮ್ಯಾಲೇ ಬತ್ತದೆ."

ರಸ್ತೆ ದಾಟಿ ಬಂದು ನನ್ನ ವೇಬ್ರಿಡ್ಜಿನ ಕಟ್ಟೆಯ ಮೇಲೆ, ಗೋಡೌನಿಗೆ ಎದುರಾಗಿ, ಕಾಲು ಇಳಿಬಿಟ್ಟು ಕುಳಿತಳು. ನೀರು ಕೇಳಿ ಕುಡಿದಳು. ಆಚೆ ಬದಿಯಲ್ಲಿ ಬಾಗಿಲು ಬಿರಿದ ಕಂಟೇನರಿನ ಮುಂದೆ ವೀರಭದ್ರಸ್ವಾಮಿ ನಿಂತಿದ್ದ. ಪೊರಕೆಗಳು ಗೋಡೆಗೆ ಒರಗಿದ್ದವು. ಶಾಸ್ತ್ರದ ಮನುಷ್ಯ, ಅವನೂ ಮುಟ್ಟಲಿಲ್ಲ, ಮುಟ್ಟಿರೆಂದು ಬೇರೆಯವರಿಗೆ ಹೇಳುವ ಧೈರ್ಯವೂ ಅವನಿಗಿರಲಿಲ್ಲ. ನೊಣಗಳು ಮಾತ್ರ ತಮ್ಮ ಪಾಡಿಗೆ ಹಬ್ಬ ಮಾಡುತ್ತಿದ್ದವು.

ಸ್ವಲ್ಪ ಹೊತ್ತಿಗೆ ಹಾರನಹಳ್ಳಿ ಬಸ್ಸು ಬಂದು ನಮ್ಮ ಮುಂದೆಯೇ ನಿಂತಿತು. ಕಂಡಕ್ಟರ್ ಮೂಗು ಹಿಡಿದುಕೊಂಡು, ಬರ್ತೀಯೇನಮ್ಮ ಎಂದು ಕೂಗಿದ.

"ನೀನ್ ನಡಿಯಪ್ಪ" ಎಂದಳು ಸೋಮಮ್ಮ. ಆಮೇಲೆ ನನ್ನ ಕಡೆ ತಿರುಗಿ, ಲೋಟ ಮುಂದೆ ಚಾಚಿದಳು. "ಇನ್ನೊಂಚೂರು ನೀರ್ ಕೊಡಕ್ಕ. ನಾನು ಮುಂದಿನ್ ಬಸ್ಸಿಗೆ ಓಯ್ತೀನಿ."